ಯುಗಾದಿಗೆ ಶುರು, ಹೊಸತೊಡಕಿಗೆ ಖಲಾಸ್

ನಾಗಮಂಗಲದ ಕಡೆ ತೂಕ ಇಳಿಸುವ ತೀರ್ಮಾನಕ್ಕೆ ಎರಡು ಮುಹೂರ್ತ. ಒಂದು ‘ಸೋಮವಾರದಿಂದ’, ಇನ್ನೊಂದು ‘ಯುಗಾದಿಯಿಂದ’. ಯುಗಾದಿಯ ದಿನ ಹೋಳಿಗೆ, ಮಾರನೇ ದಿನ ಹೊಸತೊಡಕು. ಗುಡ್ಡೆ ಬಾಡು ಮನೆಗೆ ಬಂದು, ಸಾರು ಕುದಿಯುತ್ತಿರುವಾಗ ನೆಂಟರ ಮುಂದೆ ‘ನಂಗೆ ಅರ್ಧ ಮುದ್ದೆ ಸಾಕು’ ಅನ್ನುವ ಎದೆಗಾರಿಕೆ ಯಾರಿಗಿದೆ? ಅಲ್ಲಿಗೆ ವ್ರತ ಮುಗಿಯಿತು. ‘ನಂಗೆ ಛಲ ಇಲ್ಲ ಬಿಡು’ ಎಂಬ ತೀರ್ಪೂ ಬಿತ್ತು. ನನ್ನ ತಕರಾರು ಆ ತೀರ್ಪಿನ ಮೇಲೆ. ಛಲವಿಲ್ಲದೆ ನಿಂತುಹೋದ ಪ್ರಯತ್ನಗಳಿಗಿಂತ ಬರೀ ಛಲವನ್ನೇ ನಂಬಿ ನಿಂತುಹೋದವೇ ಹೆಚ್ಚು.

“ಒಳ್ಳೇ ದಿನ ಶುರು ಮಾಡಿದ್ರೆ ಹುಮ್ಮಸ್ಸು ಉಳಿಯುತ್ತೆ”

ಇದು ಅರ್ಧ ನಿಜ. ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರ, ತಿಂಗಳು, ವರ್ಷ ಹುಟ್ಟುವ ಹೊತ್ತಿಗೆ ಜಿಮ್‌ಗೆ ಹೋಗುವವರೂ ಡಯಟ್ ಬಗ್ಗೆ ಹುಡುಕುವವರೂ ಹೆಚ್ಚುತ್ತಾರೆ. ದಿನ ಸರಿದಂತೆ ಆ ಹುರುಪು ಇಳಿಯುತ್ತದೆ. ಮುಹೂರ್ತಕ್ಕೆ ಶುರು ಮಾಡಿಸುವ ಶಕ್ತಿ ಇದೆ, ನಡೆಸಿಕೊಂಡು ಹೋಗುವ ಶಕ್ತಿ ಇಲ್ಲ.

ನಡೆಸುವುದು ಮೊದಲೇ ಮಾಡಿಟ್ಟುಕೊಂಡ ಏರ್ಪಾಡು. ಯಾವಾಗ, ಎಲ್ಲಿ, ಯಾವ ಕೆಲಸದ ಬೆನ್ನಿಗೆ ಎಂದು ನಿಗದಿ ಮಾಡಿಕೊಂಡವರು ಹೇಳಿದ್ದನ್ನು ಮಾಡುವ ಸಂಭವ ಹೆಚ್ಚು ಎಂದು ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ತೋರಿಸಿದ್ದಾರೆ. ‘ದಿನಾ ವಾಕಿಂಗ್ ಮಾಡ್ತೀನಿ’ ಎಂಬ ಮಾತಿಗೆ ಕಾಲಿಲ್ಲ. ‘ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕ್ಯಾನ್ ಅಲ್ಲೇ ಬಿಟ್ಟು, ಕೆರೆ ಏರಿಯ ಕೊನೇವರೆಗೆ ಹೋಗಿ ಬರ್ತೀನಿ’ ಎಂಬುದಕ್ಕಿದೆ. ಹಾಲು ಹಾಕಲು ಯಾರೂ ಹುಮ್ಮಸ್ಸಿಗೆ ಕಾಯುವುದಿಲ್ಲವಲ್ಲ, ಅದರ ಬಾಲ ಹಿಡಿದು ನಡಿಗೆಯೂ ಸಾಗುತ್ತದೆ.

ಊಟಕ್ಕೂ ಇದೇ ಮಾತು. ಹೊಸತೊಡಕು, ಊರಹಬ್ಬ, ಮಾರ್ನಮಿ, ಮದುವೆ ಕಾಲದ ಬೀಗರೂಟ, ಇವಿಲ್ಲದ ವರ್ಷ ಮಂಡ್ಯ ಜಿಲ್ಲೆಯಲ್ಲಿಲ್ಲ. ಇವನ್ನು ಲೆಕ್ಕಕ್ಕೆ ಹಿಡಿಯದ ಡಯಟ್ ಪಟ್ಟಿ ಬೇರೆ ಯಾವುದೋ ಊರಿನವರಿಗೆ ಬರೆದದ್ದು. ‘ಬೀಗರೂಟಕ್ಕೆ ಹೋಗ್ತೀನಿ, ಬಾಡು ತಿಂತೀನಿ, ಒಂದೇ ಮುದ್ದೆ, ಅನ್ನ ಬೇಡ’ ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಟವರಿಗೆ ಎಲೆಯ ಮುಂದೆ ಕೂತು ಮನಸ್ಸಿನೊಡನೆ ಕುಸ್ತಿ ಆಡುವ ಗೋಜಿಲ್ಲ.

“21 ದಿನ ತಡ್ಕೊಂಡ್ರೆ ಸಾಕು, ನಡುವೆ ಒಂದು ದಿನ ತಪ್ಪಿದ್ರೆ ಮುಗೀತು”

ಎರಡು ತಪ್ಪು ಒಟ್ಟಿಗೇ ಬಂದಿವೆ. 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಮ್ಮಿ ಅಂದ್ರೂ ಸುಮಾರು 21 ದಿನ ಬೇಕು ಎಂಬುದು ಅವರು ಗಮನಿಸಿದ ಸಂಗತಿ. ಮೂಗಿನ ಲೆಕ್ಕವನ್ನು ಜನ ಹೊಟ್ಟೆಗೆ ಹಚ್ಚಿದರು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ನೋಡಿದಾಗ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನ ಬೇಕಾದೀತೆಂದು ಅವರ ಅಂದಾಜು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಿಲ್ಲ. ಹೊಸತೊಡಕಿನ ಊಟ ತೂಕ ಕೆಡಿಸುವುದಿಲ್ಲ, ‘ಹೆಂಗೂ ಕೆಟ್ಟೋಯ್ತು’ ಎಂದು ಮುಂದಿನ ಹದಿನೈದು ದಿನ ತಿಂದದ್ದು ಕೆಡಿಸುತ್ತದೆ.

“ತೂಕದ ಮೆಷಿನ್ ಅಲ್ಲಾಡ್ತಿಲ್ಲ, ಮಾಡಿದ್ದೆಲ್ಲ ದಂಡ”

ಹುಮ್ಮಸ್ಸು ಸಾಮಾನ್ಯವಾಗಿ ಸಾಯುವುದು ಇಲ್ಲೇ. ಮೊದಲ ವಾರ ಎರಡು ಕೆ.ಜಿ. ಇಳಿದು ಮೂರನೇ ವಾರ ಮುಳ್ಳು ನಿಂತುಬಿಡುತ್ತದೆ. ಆ ಮೊದಲ ಎರಡು ಕೆ.ಜಿ.ಯಲ್ಲಿ ಬಹುಪಾಲು ನೀರು. ದೇಹ ಕೂಡಿಟ್ಟ ಗ್ಲೈಕೋಜನ್ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಊಟ ತಗ್ಗಿದ ಕೂಡಲೇ ಅದು ಖರ್ಚಾಗಿ ನೀರೂ ಹೋಗುತ್ತದೆ. ಕೊಬ್ಬು ಅಷ್ಟು ಸಲೀಸಲ್ಲ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ವಾರಕ್ಕೆ ಅರ್ಧ ಕೆ.ಜಿ. ಇಳಿಯಬೇಕಾದರೂ ದಿನಕ್ಕೆ 550 ಕ್ಯಾಲೊರಿ ಕೊರೆ ಬೀಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸುರಕ್ಷಿತ ಎನ್ನುವುದೂ ವಾರಕ್ಕೆ ಆ ಅರ್ಧ ಕೆ.ಜಿ.ಯನ್ನೇ. ‘ತಿಂಗಳಿಗೆ ಹತ್ತು ಕೆ.ಜಿ. ಗ್ಯಾರಂಟಿ’ ಎಂದು ಪುಡಿ ಮಾರುವವರಿಗೆ ಈ ಲೆಕ್ಕ ಕೇಳಿಸುವುದಿಲ್ಲ.

ಮುಳ್ಳು ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆದಿರಬಹುದು. ಡಾ. ಎ. ರಾಮಚಂದ್ರನ್ ತಂಡ ಮಧುಮೇಹದ ಅಂಚಿನಲ್ಲಿದ್ದ 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟ, ನಡಿಗೆ ಸರಿಪಡಿಸಿಕೊಂಡ ಗುಂಪಿಗೆ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ 28.5ರಷ್ಟು ತಗ್ಗಿತು. ಅವರ ತೂಕ ಹೆಚ್ಚುಕಮ್ಮಿ ಹಾಗೇ ಇತ್ತು! ಹಾಗಾಗಿ ಮೆಷಿನ್ ಜೊತೆಗೆ ದರ್ಜಿಯ ಟೇಪೂ ಇರಲಿ. ನಮ್ಮವರ ಮೈಕಟ್ಟಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರುವುದು ಒಳ್ಳೆಯದು. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲೇ ಇದೆ.

“ಮುದ್ದೆ ತಿಂದ್ರೆ ತೂಕ ಇಳಿಯುತ್ತೆ, ಬೆಲ್ಲಕ್ಕೆ ದೋಷವಿಲ್ಲ”

ರಾಗಿಯಲ್ಲಿ ಅಕ್ಕಿಗಿಂತ ನಾರು, ಸುಣ್ಣದಂಶ ಬಹಳ ಹೆಚ್ಚು. ಆದರೆ 100 ಗ್ರಾಂ ಹಿಟ್ಟಿಗೆ 320ರ ಆಸುಪಾಸು ಕ್ಯಾಲೊರಿ ಇದೆ, ಅಕ್ಕಿಗೆ ಸುಮಾರು 356. ಅಜ್ಜನ ಮುದ್ದೆಯ ಗಾತ್ರ ಉಳಿಯಿತು, ಅಜ್ಜ ಹೂಡುತ್ತಿದ್ದ ಆರಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಆಲೆಮನೆ ಬೆಲ್ಲವೂ ಕ್ಯಾಲೊರಿ ಲೆಕ್ಕದಲ್ಲಿ ಸಕ್ಕರೆಯ ಅಣ್ಣತಮ್ಮನೇ.

“ಯಾರಿಗೂ ಹೇಳದೆ ಮಾಡಬೇಕು”

ಹೀಗೆ ಅನ್ನಿಸುವುದಕ್ಕೆ ಕಾರಣವಿದೆ. ಹೆಂಗಸೊಬ್ಬಳು ಶೂ ಹಾಕಿ ರಸ್ತೆಗಿಳಿದರೆ ‘ಏನಕ್ಕ, ಶುಗರ್ ಬಂತಾ?’ ಅನ್ನುತ್ತಾರೆ. ಹುಡುಗ ಮೂರು ಕೆ.ಜಿ. ಇಳಿದರೆ ‘ಯಾಕ್ಲಾ ಹಿಂಗ್ ಸೊರಗೋಗಿದ್ದೀಯ?’ ಎಂದು ಅತ್ತೆ ಇನ್ನೊಂದು ಮುದ್ದೆ ಇಡುತ್ತಾಳೆ. ಆದರೂ ಗುಟ್ಟಿಗಿಂತ ಜೊತೆ ಮೇಲು. ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಅವರ 1999ರ ಅಧ್ಯಯನದಲ್ಲಿ ಒಬ್ಬೊಬ್ಬರೇ ಸೇರಿದವರ ಪೈಕಿ ಇಳಿದ ತೂಕವನ್ನು ಹತ್ತನೇ ತಿಂಗಳವರೆಗೆ ಪೂರ್ತಿ ಕಾಯ್ದುಕೊಂಡವರು ಶೇ 24. ಗೆಳೆಯರನ್ನು ಕರೆತಂದು, ಒಬ್ಬರಿಗೊಬ್ಬರು ಬೆಂಬಲ ಕೊಡುವ ತರಬೇತಿಯನ್ನೂ ಪಡೆದವರಲ್ಲಿ ಶೇ 66. ನಮ್ಮಲ್ಲಿ ಆ ಜೊತೆ ಸ್ತ್ರೀಶಕ್ತಿ ಸಂಘದ ಇಬ್ಬರಾಗಬಹುದು, ಪಕ್ಕದ ಮನೆಯ ಓರಗಿತ್ತಿಯಾಗಬಹುದು. ಅಡುಗೆ ಮಾಡುವವರನ್ನಂತೂ ಮೊದಲು ಸೇರಿಸಿಕೊಳ್ಳಬೇಕು, ಸಾರಿನ ಎಣ್ಣೆ ಅವರ ಕೈಯಲ್ಲಿದೆ.

ಒಬ್ಬರೇ ಗುಟ್ಟಾಗಿ ಮಾಡಲೇಬಾರದವರೂ ಇದ್ದಾರೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಬಿಟ್ಟರೆ ಸಕ್ಕರೆ ಕುಸಿದು ತಲೆ ತಿರುಗಿ ಬೀಳಬಹುದು. ಅವರು ಮುದ್ದೆ ಅರ್ಧ ಮಾಡುವ ಮೊದಲು ಡಾಕ್ಟರಿಗೆ ಹೇಳಿ ಡೋಸ್ ಸರಿಪಡಿಸಿಕೊಳ್ಳಬೇಕು.