ಕೃಷ್ಣೆಗೆ ದೊರೆಯದ ಕರಿವಜ್ರ

ಬಸವಸಾಗರ ಜಲಾಶಯವನ್ನು ದಾಟಿ, ಸುರಪುರ ಸೀಮೆಯ ಕಕ್ಕೇರಾ ಪರಿಸರದಲ್ಲಿ ಪ್ರವಹಿಸಿ, ಪೂರ್ವಾಭಿಮುಖವಾಗಿ ಸಾಗುವ ಕೃಷ್ಣೆಯು ಆಂಧ್ರದ ಕೊಲ್ಲೂರನ್ನು ಸೇರುವಷ್ಟರಲ್ಲಿ ಲೋಕದ ವಜ್ರಚರಿತ್ರೆಯಲ್ಲಿ ಅಗ್ರಸ್ಥಾನವನ್ನು ಪಡೆದ ನದಿಯಾಗುತ್ತಾಳೆ. ಕೊಹಿನೂರು ದೊರೆತುದು ಅಲ್ಲಿಯೇ ಎಂಬುದು ಪರಂಪರಾಗತವಾದ ಪ್ರತೀತಿ. ಅಂತಹ ವಜ್ರಗಳ ಜನ್ಮವೃತ್ತಾಂತ ಬಹುಮಟ್ಟಿಗೆ ತಿಳಿದುದೇ ಆಗಿದೆ. ಭೂಗರ್ಭದಲ್ಲಿ ಸುಮಾರು 150 ಕಿಲೋಮೀಟರು ಆಳದಲ್ಲಿ ಅಪಾರವಾದ ಒತ್ತಡಕ್ಕೆ ಸಿಕ್ಕಿ ಸ್ಫಟಿಕವಾದ ಇಂಗಾಲವನ್ನು, ಕಿಂಬರ್ಲೈಟ್ ಎಂಬ ಶಿಲೆ ದ್ರವರೂಪದಲ್ಲಿ ಚಿಮ್ಮುತ್ತ ಮೇಲಕ್ಕೆ ಹೊತ್ತು ತರುತ್ತದೆ. ಈ ಶಿಲೆ ರಾಯಚೂರು, ನಾರಾಯಣಪೇಟೆಗಳ ನೆಲದಲ್ಲಿಯೂ ಉಂಟು.

ಆದರೆ ಕಾರ್ಬೊನಾಡೋ ಎಂದು ಪ್ರಸಿದ್ಧವಾದ ಕರಿವಜ್ರ ಈ ವಂಶಕ್ಕೆ ಸೇರಿದುದಲ್ಲ. ಅದು ಬ್ರೆಜಿಲ್ ಮತ್ತು ಮಧ್ಯ ಆಫ್ರಿಕ ಗಣರಾಜ್ಯಗಳ ನದೀನಿಕ್ಷೇಪಗಳಲ್ಲಿಯೇ ಹೊರತು ಕಿಂಬರ್ಲೈಟಿನಲ್ಲಿ ಇದುವರೆಗೆ ದೊರೆತಿಲ್ಲ. ಏಕಸ್ಫಟಿಕವಾಗಿರದೆ ಅಸಂಖ್ಯ ಸೂಕ್ಷ್ಮ ಸ್ಫಟಿಕಗಳು ಒಂದಕ್ಕೊಂದು ಬೆಸೆದುಕೊಂಡು, ನಡುನಡುವೆ ರಂಧ್ರಗಳನ್ನುಳಿಸಿ, ಹೊಳಪಿಲ್ಲದ ಇದ್ದಿಲಿನಂತೆ ತೋರುವ ಇದರ ವಯಸ್ಸು 260ರಿಂದ 380 ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಇಂದು ಸಾಗರವು ಬೇರ್ಪಡಿಸಿರುವ ಆ ಎರಡು ನೆಲಗಳೂ ಪೂರ್ವದಲ್ಲಿ ಒಂದೇ ಖಂಡದ ಭಾಗಗಳಾಗಿದ್ದುವೆಂಬುದನ್ನು ನೆನೆದರೆ, ಯಾವುದೋ ಒಂದೇ ಘಟನೆ ಎರಡೂ ಕಡೆಯ ಕರಿವಜ್ರಕ್ಕೆ ಕಾರಣವಾಗಿರಬೇಕೆಂಬ ಊಹೆ ಸಹಜವಾಗಿಯೇ ಹುಟ್ಟುತ್ತದೆ. ಉಲ್ಕಾಪಾತದ ಆಘಾತವೆಂದು ಕೆಲವರು, ಯುರೇನಿಯಮ್ಮಿನ ವಿಕಿರಣವೆಂದು ಕೆಲವರು, ಭೂಮಿಯ ಆಳದಲ್ಲಿಯೇ ಹುಟ್ಟಿದುದೆಂದು ಮತ್ತೆ ಕೆಲವರು ವಾದಿಸಿದ್ದಾರೆ. 2006ರಲ್ಲಿ ಗರಾಯ್, ಹ್ಯಾಗರ್ಟಿ ಮೊದಲಾದ ವಿಜ್ಞಾನಿಗಳು ಇದರಲ್ಲಿ ಜಲಜನಕವನ್ನು ಗುರುತಿಸಿ, ಇದು ತಾರಾಂತರಾಳದಿಂದ ಬಂದುದೆಂದು ಪ್ರತಿಪಾದಿಸಿದರು. ಈ ವಾದ ಮನೋಹರವಾದುದೇ ಸರಿ. ಆದರೂ ಇಂತಹ ವಜ್ರವನ್ನು ಹೊತ್ತ ಉಲ್ಕೆಯೊಂದು ಕೈಗೆ ಸಿಕ್ಕುವವರೆಗೆ ಅದನ್ನು ಸಿದ್ಧಾಂತವೆನ್ನಲು ನನ್ನ ಮನಸ್ಸು ಒಪ್ಪದು.

ಬ್ರೆಜಿಲಿನ ಬಹಿಯಾ ಪ್ರಾಂತದಲ್ಲಿ 1895ರಲ್ಲಿ ದೊರೆತ ‘ಸೆರ್ಜಿಯೊ’ ಎಂಬ ಕರಿವಜ್ರದ ತೂಕ 3,167 ಕ್ಯಾರಟ್. ಸುವಿಖ್ಯಾತವಾದ ಕಲಿನನ್ ವಜ್ರಕ್ಕಿಂತಲೂ ಅಧಿಕ. ಸೀಳದೆ ನಿಲ್ಲುವ ತನ್ನ ಗಟ್ಟಿತನವೇ ಅದಕ್ಕೆ ಮುಳುವಾಯಿತು: ಬಂಡೆ ಕೊರೆಯುವ ಯಂತ್ರಗಳ ಮೊನೆಗಾಗಿ ಅದನ್ನು ಒಡೆದು ಚೂರುಮಾಡಿದರು. ಅದನ್ನು ಓದಿದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ. ಮತ್ತೊಂದು ಮಹಾಶಿಲೆ, 555.55 ಕ್ಯಾರಟಿನ ‘ಎನಿಗ್ಮಾ’, 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 30 ಲಕ್ಷ ಪೌಂಡಿಗೂ ಮಿಗಿಲಾಗಿ ಮಾರಾಟವಾಯಿತು.

ಆಭರಣದಂಗಡಿಯಲ್ಲಿ ಕರಿವಜ್ರವೆಂದು ತೋರಿಸುವುದೆಲ್ಲ ಈ ಅಪೂರ್ವವಸ್ತುವಲ್ಲ. ದೋಷಯುಕ್ತವಾದ ಸಾಮಾನ್ಯ ವಜ್ರಕ್ಕೆ ಶಾಖವನ್ನೋ ವಿಕಿರಣವನ್ನೋ ಕೊಟ್ಟು ಕಪ್ಪಾಗಿಸಿದುದೇ ಅಧಿಕ. ಆದುದರಿಂದ ಕೊಳ್ಳುವವರು ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಿ, ಬಣ್ಣ ನೈಸರ್ಗಿಕವೋ ಕೃತಕವೋ ಎಂಬುದನ್ನು ಓದಿ ನೋಡಿದ ಮೇಲೆಯೇ ಹಣ ಕೊಡಬೇಕು.