ಸ್ತನ ಕ್ಯಾನ್ಸರ್: ಹೆಚ್ಚಿನ ಅಪಾಯದಲ್ಲಿರುವ ತಾಯಂದಿರನ್ನು ಗುರುತಿಸುವ ಬಗೆ

ನಮ್ಮ ಮನೆತನಗಳಲ್ಲಿ ಹಿರಿಯರ ನೆನಪು ಬಹುದೂರದವರೆಗೆ ಸಾಗುತ್ತದೆ. ಯಾವ ಅಜ್ಜಿ ಯಾವ ಊರಿನಿಂದ ಬಂದವರು, ಯಾವ ಹೊಲ ಯಾರಿಂದ ಬಂದಿತು ಎಂಬುದನ್ನೆಲ್ಲ ಬಲ್ಲ ನಾವು, ಆ ಅಜ್ಜಿ ಯಾವ ವ್ಯಾಧಿಯಿಂದ ಲಿಂಗೈಕ್ಯರಾದರು ಎಂದು ಕೇಳಿದರೆ ತಡವರಿಸುತ್ತೇವೆ. ‘ಎದೆಯಲ್ಲಿ ಏನೋ ಗಡ್ಡೆಯಾಗಿತ್ತಂತೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ವೈದ್ಯರಿಗೆ ಬೇಕಾಗಿರುವುದು ಆ ಮಾತಿನ ಉಳಿದ ಅರ್ಧ.

ಭಾರತದ ಮಹಿಳೆಯರಲ್ಲಿ ಇಂದು ಅತ್ಯಧಿಕವಾಗಿ ಕಾಣುವುದು ಸ್ತನ ಕ್ಯಾನ್ಸರ್. 2022ರಲ್ಲಿ ಸುಮಾರು 1.9 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತೆಂದು ಅಂದಾಜಿಸಲಾಗಿದೆ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಇದು ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ; ಪತ್ತೆಯಾಗುವುದು ಮಾತ್ರ ತಡವಾಗಿ.

ತಪಾಸಣೆಗೆ ದೊಡ್ಡ ಯಂತ್ರಗಳೇ ಬೇಕೆಂದು ಹಲವರು ತಿಳಿದಿದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 1998ರಲ್ಲಿ ಆರಂಭಿಸಿದ ಅಧ್ಯಯನವು ಬೇರೆಯದನ್ನೇ ತೋರಿಸಿತು. ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರ ಸ್ತನಗಳನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನಲ್ಲಿ ರೋಗವು ಬೇಗ ಪತ್ತೆಯಾಯಿತು. 50 ವರ್ಷ ಮೀರಿದವರಲ್ಲಿ ಈ ರೋಗದಿಂದಾಗುವ ಸಾವು ಶೇಕಡಾ 30ರ ಸಮೀಪ ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ಆದ್ದರಿಂದ ಕಿರಿಯರಲ್ಲಿ ಹೆಚ್ಚಿನ ಅಪಾಯವುಳ್ಳವರನ್ನು ಮೊದಲೇ ಗುರುತಿಸುವುದು ಅಗತ್ಯವೆಂದು ನಮಗೆ ತೋರುತ್ತದೆ.

ಯಾರು ಇಂತಹವರು? ತಾಯಿ, ಸೋದರಿ ಅಥವಾ ಮಗಳಿಗೆ ಈ ರೋಗ ಬಂದಿದ್ದರೆ, ಅದರಲ್ಲೂ 50 ವರ್ಷದೊಳಗೆ ಬಂದಿದ್ದರೆ, ಎಚ್ಚರ ಬೇಕು. ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೂ, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೂ (ಅಪರೂಪವಾದರೂ ಬರುತ್ತದೆ) ಹಾಗೆಯೇ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಹೆಣ್ಣಿನ ಕಾಯಿಲೆ ತಾಯಿಯ ಕಡೆಯಿಂದಲೇ ಬರುತ್ತದೆಂದು ಭಾವಿಸಿ ಸೋದರತ್ತೆಯ, ತಂದೆಯ ತಾಯಿಯ ವಿಷಯವನ್ನು ಯಾರೂ ಹೇಳುವುದಿಲ್ಲ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ವಂಶವಾಹಿಗಳ ದೋಷ ತಂದೆಯಿಂದಲೂ ಮಗಳಿಗೆ ಇಳಿಯುತ್ತದೆ. ಈ ದೋಷವುಳ್ಳ ಹತ್ತು ಮಹಿಳೆಯರಲ್ಲಿ ಸುಮಾರು ಏಳು ಮಂದಿಗೆ 80 ವರ್ಷದೊಳಗೆ ರೋಗ ಬರಬಹುದು. ಎಳೆಯ ವಯಸ್ಸಿನಲ್ಲಿ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರೂ, ಹಿಂದಿನ ಬಯಾಪ್ಸಿಯಲ್ಲಿ ಅಸಹಜ ಕೋಶಗಳು ಕಂಡವರೂ ಈ ಸಾಲಿಗೆ ಸೇರುತ್ತಾರೆ.

ಹಾಗೆಂದು ಮನೆತನದಲ್ಲಿ ಯಾರಿಗೂ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ರೋಗಕ್ಕೆ ತುತ್ತಾಗುವ ಬಹುಪಾಲು ಮಹಿಳೆಯರಿಗೆ ಅಂತಹ ಹಿನ್ನೆಲೆಯೇ ಇರುವುದಿಲ್ಲ.

30 ವರ್ಷ ದಾಟಿದ ಪ್ರತಿ ಮಹಿಳೆಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆಯ ವ್ಯವಸ್ಥೆಯಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆ ಗಂಟು, ಮೊಲೆತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಆಕಾರದ ಬದಲಾವಣೆ ಇವೆಯೇ ಎಂದು ಕೇಳುತ್ತಾರೆ. ಮನೆತನದ ಕ್ಯಾನ್ಸರ್ ಬಗ್ಗೆ ಅವರು ಕೇಳದಿದ್ದರೂ ನಾವಾಗಿಯೇ ಹೇಳಬೇಕು. ತಾಯಿಗೆ 42ನೆಯ ವಯಸ್ಸಿನಲ್ಲಿ ರೋಗ ಬಂದಿದ್ದರೆ ಮಗಳ ತಪಾಸಣೆ ಅದಕ್ಕಿಂತ ಹತ್ತು ವರ್ಷ ಮೊದಲು, ಅಂದರೆ 32ರಿಂದ, ಆರಂಭವಾಗುವುದು ವಾಡಿಕೆ. ಎಳೆಯ ಸ್ತನದ ಒತ್ತಾದ ಅಂಗಾಂಶದಲ್ಲಿ ಮ್ಯಾಮೊಗ್ರಾಮ್ ಸ್ಪಷ್ಟವಾಗಿ ತೋರದಿರುವುದರಿಂದ ಎಂಆರ್‌ಐ ಕೂಡ ಬೇಕಾಗಬಹುದು.

ಹೇಳಲು ಅಡ್ಡಿಯಾಗುವುದು ಸಂಕೋಚ ಮಾತ್ರವಲ್ಲ, ಸಂಬಂಧದ ಚಿಂತೆಯೂ ಹೌದು. ‘ಆ ಮನೆಯಲ್ಲಿ ಕ್ಯಾನ್ಸರ್ ಇದೆ’ ಎಂದರೆ ಹೆಣ್ಣುಮಕ್ಕಳಿಗೆ ವರ ಸಿಗುವುದು ಕಷ್ಟವೆಂಬ ಭಯದಿಂದ ತಾಯಂದಿರು ಬಾಯಿ ಬಿಡುವುದಿಲ್ಲ. ಆ ಮೌನದ ಬೆಲೆಯನ್ನು ತೆರುವವಳೂ ಅದೇ ಮಗಳು. ನಿತ್ಯವೂ ಸ್ನಾನ ಮಾಡಿ, ಎದೆಯ ಮೇಲಿನ ಕರಡಿಗೆಯನ್ನು ತೆರೆದು ಇಷ್ಟಲಿಂಗವನ್ನು ಪೂಜಿಸುವ ನಮ್ಮ ತಾಯಂದಿರು ಆ ಎದೆಯಲ್ಲೇ ಮೂಡಿದ ಗಂಟನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ‘ನೋವಿಲ್ಲವಲ್ಲ’ ಎಂಬುದೇ ಮೋಸ ಮಾಡುತ್ತದೆ.

ಮುಂದಿನ ಬಾರಿ ತವರಿಗೆ ಹೋದಾಗ ಅಜ್ಜಿಯರ, ಸೋದರತ್ತೆಯರ, ಚಿಕ್ಕಮ್ಮಂದಿರ ಹೆಸರು, ರೋಗ, ಅದು ಬಂದ ವಯಸ್ಸು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಅದು ಕೈಯಲ್ಲಿರಲಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಅತ್ತೆ ಸೊಸೆಯರು ಜೊತೆಯಾಗಿ ಹೋಗಬಹುದು. ತಪಾಸಣೆ ಇಬ್ಬರಿಗೂ ಬೇಕು.