ಮಡಚುವ ಸೋಲಾರ್: ವ್ಯಾಟ್ ನೋಡಿದರೆ ಸಾಲದು, ಮಡಿಕೆ ನೋಡಿ

‘100 ವ್ಯಾಟ್ ಎಂದು ಬರೆದಿರುವ ಮಡಚುವ ಸೋಲಾರ್ ಪ್ಯಾನೆಲ್ ತರಿಸಿದೆವು. ನಡುಹಗಲ ಬಿಸಿಲಿಗೆ ಹಾಸಿದರೂ ಮೀಟರು 60–70 ದಾಟುತ್ತಿಲ್ಲ. ನಮಗೆ ಟೋಪಿ ಹಾಕಿದರೇ?’ ಚಾರಣಕ್ಕೆ ಹೋಗುವವರು, ತೋಟದ ಮನೆಯವರು, ಕರೆಂಟು ಕೈಕೊಟ್ಟಾಗಲೂ ಲ್ಯಾಪ್‌ಟಾಪ್ ನಡೆಯಲೇಬೇಕಾದವರು ಕೇಳುವ ಪ್ರಶ್ನೆ ಇದು. ಉತ್ತರ ಕೊಂಚ ವಿಚಿತ್ರವಾಗಿದೆ: ಟೋಪಿ ಹಾಕುವವರು ಇದ್ದಾರೆ, ನಿಜ, ಆದರೆ 100ರ ಜಾಗದಲ್ಲಿ 70 ಬಂತೆಂದರೆ ಅದು ಬಹುಮಟ್ಟಿಗೆ ಪ್ರಾಮಾಣಿಕ ಪ್ಯಾನೆಲ್. ಚೀಟಿಯ ಮೇಲಿನ ಅಂಕಿಯನ್ನು ನಾವು ಓದುವ ಕ್ರಮದಲ್ಲೇ ದೋಷವಿದೆ. ಮಡಚುವ ಪ್ಯಾನೆಲ್ ಎಷ್ಟು ವಿದ್ಯುತ್ ಕೊಡುತ್ತದೆ ಎಂಬುದನ್ನು ಅದರ ಅತ್ಯುತ್ತಮ ಭಾಗ ತೀರ್ಮಾನಿಸುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಬೆಳಕು ಬಿದ್ದ ಮೂಲೆ ತೀರ್ಮಾನಿಸುತ್ತದೆ. ಇದೊಂದು ಮಾತು ಮನಸ್ಸಿಗೆ ಇಳಿದರೆ ಯಾವ ಪ್ಯಾನೆಲ್ ಕೊಳ್ಳಬೇಕು, ಹೇಗೆ ಹಾಸಬೇಕು ಎಂಬ ಎರಡೂ ಪ್ರಶ್ನೆಗಳು ಮುಕ್ಕಾಲು ಪಾಲು ಬಗೆಹರಿದಂತೆ.

ಮೊದಲು ಆ ಅಂಕಿಯ ವಿಷಯ. ಜಗತ್ತಿನಾದ್ಯಂತ ಸೋಲಾರ್ ಪ್ಯಾನೆಲ್‌ಗಳನ್ನು ಅಳೆಯುವುದು ಪ್ರಯೋಗಾಲಯದಲ್ಲಿ, ಒಂದೇ ಷರತ್ತಿನಡಿ: ಒಂದು ಚದರ ಮೀಟರಿಗೆ 1000 ವ್ಯಾಟಿನಷ್ಟು ಬೆಳಕು ನೇರವಾಗಿ ಬೀಳಬೇಕು, ಸೌರಕೋಶದ ಉಷ್ಣತೆ 25 ಡಿಗ್ರಿ ಇರಬೇಕು. ಅಷ್ಟು ಪ್ರಖರ ಬಿಸಿಲೂ ಅಷ್ಟು ತಂಪು ಕೋಶವೂ ಒಟ್ಟಿಗೆ ಸಿಗುವ ಗಳಿಗೆ ನಮ್ಮ ನಾಡಿನಲ್ಲಿ ಅಪರೂಪ. ಹಾಗೆಂದು ಅಂಕಿ ನಿಷ್ಪ್ರಯೋಜಕವಲ್ಲ, ಸುಳ್ಳನ್ನು ಹಿಡಿಯಲು ಅದೇ ಸಾಧನ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದ ಮೊದಲ ಉಪಯುಕ್ತ ಸಿಲಿಕಾನ್ ಕೋಶ ಬಿಸಿಲಿನ ನೂರರಲ್ಲಿ 6 ಪಾಲನ್ನು ವಿದ್ಯುತ್ತಾಗಿಸಿತ್ತು. ಇಂದು ಮಾರುಕಟ್ಟೆಯ ಒಳ್ಳೆಯ ಕೋಶಗಳು 20ರಿಂದ 24 ಪಾಲು ಹಿಡಿಯುತ್ತವೆ. ಒಂದೇ ಜೋಡಣೆಯ ಸಿಲಿಕಾನ್ ಕೋಶಕ್ಕೆ ಭೌತಶಾಸ್ತ್ರ ಹಾಕಿರುವ ಮೇಲಿನ ಗೆರೆ ಸುಮಾರು 29. ಈಗ ಒಂದು ಟೇಪು ಹಿಡಿಯಿರಿ. ಒಂದೊಂದು ಮಡಿಕೆಯ ಕಪ್ಪು ಭಾಗ 50 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ ಇದ್ದು, ಅಂಥವು ನಾಲ್ಕಿದ್ದರೆ ಒಟ್ಟು 0.46 ಚದರ ಮೀಟರ್ ಆಯಿತು. ಶೇ 22ರ ಲೆಕ್ಕದಲ್ಲಿ ಅದು 100 ವ್ಯಾಟಿನ ಪ್ಯಾನೆಲ್. ಇದೇ ಅಳತೆಯ ಮಾಲಿಗೆ ‘200 ವ್ಯಾಟ್’ ಎಂದು ಅಚ್ಚು ಹಾಕಿದ್ದರೆ ಅದು ಶೇ 43 ಹಿಡಿಯುತ್ತದೆ ಎಂದಾಯಿತು. ಅಂಥ ಸಿಲಿಕಾನ್ ಕೋಶ ಇರಲು ಸಾಧ್ಯವೇ ಇಲ್ಲ. ಜಾಹೀರಾತಿನ ಹತ್ತು ಸಾಲು ಓದುವುದಕ್ಕಿಂತ ಈ ಒಂದು ಗುಣಾಕಾರ ಹೆಚ್ಚು ನಂಬಿಕಸ್ಥ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದು ಸಿಲಿಕಾನ್ ಕೋಶ, ಅಂಗೈಯಷ್ಟಿರಲಿ ಉಗುರಿನಷ್ಟಿರಲಿ, ಕೆಲಸ ಮಾಡುವಾಗ ಕೊಡುವ ವೋಲ್ಟೇಜು ಸುಮಾರು ಅರ್ಧ ವೋಲ್ಟ್. ಅಷ್ಟರಿಂದ ಯಾವ ಬ್ಯಾಟರಿಯೂ ತುಂಬದು. ಆದ್ದರಿಂದ ಕೋಶಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಸರಣಿಯಲ್ಲಿ ಜೋಡಿಸುತ್ತಾರೆ. 36 ಕೋಶ ಸೇರಿದರೆ 18 ವೋಲ್ಟಿನ ಆಸುಪಾಸು. ತಾರಸಿ ಹಾಕುವ ದಿನ ಕಾಂಕ್ರೀಟಿನ ಬಾಂಡ್ಲಿಗಳು ಕೈಯಿಂದ ಕೈಗೆ ಸಾಗುವ ಸಾಲನ್ನು ನೆನೆಯಿರಿ. ನಡುವೆ ಒಬ್ಬ ನಿಧಾನಿಸಿದರೆ ಉಳಿದವರು ಎಷ್ಟೇ ಚುರುಕಾಗಿದ್ದರೂ ಮೇಲಕ್ಕೆ ಹೋಗುವ ಬಾಂಡ್ಲಿಗಳ ಸಂಖ್ಯೆ ಅವನ ವೇಗಕ್ಕೇ ಇಳಿಯುತ್ತದೆ. ಸರಣಿಯಲ್ಲಿ ಹರಿಯುವ ಕರೆಂಟಿನ ಕತೆಯೂ ಅದೇ. ಒಂದು ಕೋಶದ ಅರ್ಧಭಾಗಕ್ಕೆ ನೆರಳು ಬಿದ್ದರೆ ಅದರ ಕರೆಂಟು ಅರ್ಧಕ್ಕಿಳಿಯುತ್ತದೆ, ಅದರ ಜೊತೆಗೆ ಉಳಿದ 35 ಕೋಶಗಳದ್ದೂ. ಮುಚ್ಚಿದ್ದು ಪ್ಯಾನೆಲ್‌ನ ಎಪ್ಪತ್ತರಲ್ಲೊಂದು ಪಾಲು, ಕಳೆದುಕೊಂಡದ್ದು ಹೆಚ್ಚುಕಡಿಮೆ ಅರ್ಧ ವಿದ್ಯುತ್ತು. ಇಷ್ಟಕ್ಕೇ ಮುಗಿಯುವುದಿಲ್ಲ. ಪೂರ್ತಿ ನೆರಳಿಗೆ ಸಿಕ್ಕ ಕೋಶ ವಿದ್ಯುತ್ ಕೊಡುವುದನ್ನು ಬಿಟ್ಟು, ಸಂಗಾತಿಗಳ ವಿದ್ಯುತ್ತನ್ನೇ ನುಂಗಿ ಕಾಯತೊಡಗುತ್ತದೆ. ಹಳೆಯ ಪ್ಯಾನೆಲ್‌ಗಳಲ್ಲಿ ಕಾಣುವ ಕಂದು ಸುಟ್ಟಗಲೆಗಳಲ್ಲಿ ಎಷ್ಟೋ ಹೀಗೆ ಆದಂಥವು.

ಮಾಡಿನ ಮೇಲೆ ಬೋಲ್ಟು ಹಾಕಿ ಕೂರಿಸಿದ ಗಾಜಿನ ಪ್ಯಾನೆಲ್‌ಗೆ ಶತ್ರುಗಳು ಹೊರಗಿನವರು: ಮರ, ನೀರಿನ ಟ್ಯಾಂಕು, ಪಕ್ಕದ ಕಟ್ಟಡ. ಮಡಚುವ ಪ್ಯಾನೆಲ್‌ಗಾದರೋ ಮನೆಯೊಳಗೇ ಶತ್ರು. ಅದರ ಮಡಿಕೆಗಳನ್ನು ಹಿಡಿದಿರುವುದು ಬಟ್ಟೆ. ಹಾಸಿದಾಗ ಬಟ್ಟೆ ಜೋತು ಬಿದ್ದರೆ ನಾಲ್ಕು ಮಡಿಕೆಗಳು ನಾಲ್ಕು ದಿಕ್ಕಿಗೆ ಮುಖ ಮಾಡುತ್ತವೆ. ಮೂರು ಮಡಿಕೆಗಳು ಸೂರ್ಯನನ್ನೇ ದಿಟ್ಟಿಸುತ್ತಿದ್ದು ಕೊನೆಯದು 60 ಡಿಗ್ರಿ ಹೊರಳಿದ್ದರೆ ಅದಕ್ಕೆ ಬೀಳುವ ನೇರ ಬೆಳಕು ಅರ್ಧ ಮಾತ್ರ. ಎಲ್ಲವೂ ಒಂದೇ ಸರಣಿಯಲ್ಲಿದ್ದರೆ ಮೂರೂ ಮಡಿಕೆಗಳು ಆ ನಾಲ್ಕನೆಯದರ ಮಟ್ಟಕ್ಕೆ ಇಳಿಯುತ್ತವೆ. ಎತ್ತಿಕೊಳ್ಳಲೆಂದು ಹೊಲಿದ ಹಿಡಿಕೆಯ ಪಟ್ಟಿ ಗಾಳಿಗೆ ಮಗುಚಿ ಕೋಶದ ಮೇಲೆ ಮಲಗಿದರೂ ಫಲ ಅದೇ. ಆದ್ದರಿಂದ ಹಾಸುವಾಗ ಮೊದಲ ಕೆಲಸ ದಿಕ್ಕು ನೋಡುವುದಲ್ಲ, ಮಡಿಕೆಗಳನ್ನು ಎಳೆದು ಚಪ್ಪಟೆ ಮಾಡುವುದು. ಮೂಲೆಗಳಲ್ಲಿ ಲೋಹದ ಕಣ್ಣುಗಳಿರುತ್ತವೆ, ಅವಕ್ಕೆ ದಾರ ಕಟ್ಟಿ ಬಿಗಿಯಬಹುದು. ಬೆನ್ನಿಗೆ ಒಂದು ರಟ್ಟೋ ಹಲಗೆಯೋ ಸಿಕ್ಕರೆ ಇನ್ನೂ ಮೇಲು.

‘ಬೈಪಾಸ್ ಡಯೋಡ್ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ’ ಎಂದು ಮಾರುವವರು ಹೇಳುವುದುಂಟು. ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. ನೆರಳಿಗೆ ಸಿಕ್ಕ ಗುಂಪನ್ನು ಬಳಸಿಕೊಂಡು ಹೋಗಲು ಈ ಡಯೋಡು ಕರೆಂಟಿಗೆ ಅಡ್ಡದಾರಿ ಬಿಡುತ್ತದೆ, ಕೋಶ ಸುಡದಂತೆ ಕಾಯುತ್ತದೆ. ಆದರೆ ಬಿಟ್ಟುಹೋದ ಗುಂಪಿನ ವೋಲ್ಟೇಜು ಹೋಯಿತೆಂದೇ ಲೆಕ್ಕ. 18 ವೋಲ್ಟಿನ ನಾಲ್ಕು ಮಡಿಕೆಗಳಲ್ಲಿ ಒಂದು ಹೊರಬಿದ್ದರೆ ಉಳಿಯುವುದು 13.5. ಹನ್ನೆರಡು ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಪೂರ್ತಿ ತುಂಬಲು 14ಕ್ಕಿಂತ ಹೆಚ್ಚು ಬೇಕು. ಅಲ್ಲಿಗೆ ಚಾರ್ಜಿಂಗ್ ಕುಂಟುತ್ತದೆ. ಮಡಿಕೆಗಳನ್ನು ಸಮಾಂತರವಾಗಿ ಜೋಡಿಸಿದ ಪ್ಯಾನೆಲ್‌ನಲ್ಲಿ ಒಂದು ಮುಚ್ಚಿದರೆ ಹೋಗುವುದು ಹೆಚ್ಚುಕಡಿಮೆ ಅದರ ಪಾಲು ಮಾತ್ರ. ಒಳಗಿನ ಜೋಡಣೆ ಯಾವುದೆಂದು ಚೀಟಿ ಹೇಳುವುದಿಲ್ಲ, ಒಂದು ಟವೆಲು ಹೇಳುತ್ತದೆ. ಪ್ಯಾನೆಲ್‌ಗೆ ಬ್ಯಾಟರಿ ಜೋಡಿಸಿ, ವ್ಯಾಟ್ ಎಷ್ಟೆಂದು ನೋಡಿ, ಒಂದು ಮಡಿಕೆಗೆ ಟವೆಲು ಮುಚ್ಚಿ. ಓದು ಮುಕ್ಕಾಲಿನ ಹತ್ತಿರ ನಿಂತರೆ ವಿನ್ಯಾಸ ಚೆನ್ನಾಗಿದೆ. ಸೊನ್ನೆಯ ಹತ್ತಿರ ಕುಸಿದರೆ ಆ ಪ್ಯಾನೆಲ್ ಮರದಡಿಯ ಬಿಡಾರಕ್ಕೆ ಲಾಯಕ್ಕಲ್ಲ. ಒಂದೇ ಬೆಲೆಯ ಎರಡು ಪ್ಯಾನೆಲ್‌ಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಎಲ್ಲ ನೆರಳೂ ಒಂದೇ ಅಲ್ಲ ಎಂಬುದು ಈ ವಿಷಯದ ಅತ್ಯಂತ ಸೊಗಸಾದ ಭಾಗ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ನಮಗೂ ಅವನಿಗೂ ಇರುವ ದೂರ ಅವನ ವ್ಯಾಸದ ಸುಮಾರು 108 ಪಟ್ಟು. ಆದ್ದರಿಂದ ಯಾವುದೇ ವಸ್ತುವಿನ ಗಾಢ ನೆರಳು ಚಾಚುವುದು ಅದರ ಅಗಲದ ಸುಮಾರು 108 ಪಟ್ಟು ದೂರದವರೆಗೆ ಮಾತ್ರ. ಆಚೆಗೆ ಅಂಚು ಮಸುಕಾಗಿ, ನೆರಳು ಹರಡಿ ತೆಳುವಾಗುತ್ತದೆ. ಒಂದು ಸೆಂ.ಮೀ. ದಪ್ಪದ ಕೇಬಲ್ಲು ಒಂದು ಮೀಟರಿಗಿಂತ ಹತ್ತಿರವಿದ್ದರೆ ಕಪ್ಪು ಗೆರೆ ಎಳೆಯುತ್ತದೆ. ಆರು ಮೀಟರು ಮೇಲಿದ್ದರೆ ಮಾಸಲು ಪಟ್ಟೆಯಷ್ಟೇ. ತಡೆದ ಬೆಳಕು ಎರಡೂ ಸಲ ಒಂದೇ. ಆದರೆ ಹರಡಿದ ನೆರಳು ಪಕ್ಕಪಕ್ಕದ ಕೋಶಗಳಿಗೆ ಹಂಚಿಹೋಗುತ್ತದೆ, ಯಾವೊಂದು ಕೋಶದ ಕತ್ತನ್ನೂ ಹಿಸುಕುವುದಿಲ್ಲ. ದೂರದ ತಂತಿಗೆ ಹೆದರಬೇಡಿ, ಪ್ಯಾನೆಲ್‌ನ ಮೇಲೆಯೇ ಬಿದ್ದ ಒಣ ಎಲೆಗೆ ಹೆದರಿ ಎನ್ನುವುದು ಇದಕ್ಕೇ. ಜಪಮಾಲೆಯಲ್ಲೂ 108 ಮಣಿ, ಸೂರ್ಯನ ದೂರವೂ 108 ಎಂದು ತಳುಕು ಹಾಕುವ ವಾಟ್ಸ್ಆ್ಯಪ್ ಪಂಡಿತರಿದ್ದಾರೆ. ಆ ಅನುಪಾತ ವರ್ಷವಿಡೀ ಸರಿಯಾಗಿ 108 ಆಗಿಯೂ ಇರುವುದಿಲ್ಲ. ಭೂಮಿಯ ಕಕ್ಷೆ ಅಂಡಾಕಾರವಾದ್ದರಿಂದ ಕೊಂಚ ಹಿಂದೆಮುಂದೆ ಆಗುತ್ತಿರುತ್ತದೆ. ಆ ಸಂಖ್ಯೆಗೆ ಕೈಮುಗಿಯುವುದಕ್ಕಿಂತ ನೆರಳು ಅಳೆಯಲು ಬಳಸುವುದು ಲೇಸು.

ನೆರಳು ತಪ್ಪಿಸಿದ ಮೇಲೆ ಓರೆ. ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಲಹೆ: ‘ದಕ್ಷಿಣಕ್ಕೆ ಮುಖ ಮಾಡಿ, 45 ಡಿಗ್ರಿ ಓರೆ ಮಾಡಿ’. ಎಷ್ಟೋ ಪ್ಯಾನೆಲ್‌ಗಳ ಹಿಂಬದಿಯ ಊರುಗಾಲು ಕೂಡ ಅದೇ ಕೋನಕ್ಕೆ ಹೊಲಿದದ್ದು. 52 ಡಿಗ್ರಿ ಅಕ್ಷಾಂಶದ ಬರ್ಲಿನ್ನಿಗೆ ಅದು ಸರಿ. ಕರ್ನಾಟಕ ಇರುವುದು ಸುಮಾರು 11.5ರಿಂದ 18.5 ಡಿಗ್ರಿಗಳ ನಡುವೆ. ಇಲ್ಲಿನ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಗೇ ಬರುತ್ತಾನೆ. ಬೆಂಗಳೂರಿನಲ್ಲಿ ಆ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಇವೆರಡರ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ 21ರ ಮಧ್ಯಾಹ್ನ ಕೈಪಿಡಿ ನಂಬಿ ದಕ್ಷಿಣಕ್ಕೆ 45 ಡಿಗ್ರಿ ಓರೆ ಮಾಡಿದರೆ ನೇರ ಬಿಸಿಲಿನ ಶೇ 57ರಷ್ಟು ಮಾತ್ರ ದಕ್ಕುತ್ತದೆ. ಸುಮ್ಮನೆ ನೆಲಕ್ಕೆ ಸಮವಾಗಿ ಹಾಸಿದರೆ ಶೇ 98. ಡಿಸೆಂಬರಿನಲ್ಲಿ ಲೆಕ್ಕ ತಿರುಗುಮುರುಗು: ಓರೆಗೆ ಶೇ 99, ಸಪಾಟಿಗೆ 80. ಕ್ಯಾಲೆಂಡರು ನೋಡುವ ಗೊಡವೆ ಬೇಡವೆಂದರೆ ಪ್ಯಾನೆಲ್‌ನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಮಾಯವಾಗುವವರೆಗೆ ಪ್ಯಾನೆಲ್ ವಾಲಿಸಿ. ಗಳಿಗೆಗೊಮ್ಮೆ ಎದ್ದು ತಿರುಗಿಸುವ ಅಗತ್ಯವೂ ಇಲ್ಲ: 15 ಡಿಗ್ರಿ ತಪ್ಪಿದರೆ ನಷ್ಟ ಶೇ 3ರಿಂದ 4, 30 ತಪ್ಪಿದರೆ 13. ಎರಡು ಗಂಟೆಗೊಮ್ಮೆ ಸರಿಪಡಿಸಿದರೆ ಸಾಕು.

ಬಿಸಿಲು ಸುಟ್ಟಷ್ಟೂ ಕರೆಂಟು ಹೆಚ್ಚು ಎಂಬ ನಂಬಿಕೆಯನ್ನೂ ಇಲ್ಲೇ ಮುಗಿಸಿಬಿಡಬಹುದು. ಕೋಶಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಬಿಸಿಯೇರಿದಂತೆ ಅದರ ವೋಲ್ಟೇಜು ಇಳಿಯುತ್ತದೆ. ಸಾಮಾನ್ಯ ಸಿಲಿಕಾನ್ ಪ್ರತಿ ಡಿಗ್ರಿಗೆ ಶೇ 0.35ರ ಆಸುಪಾಸು ಕಳೆದುಕೊಳ್ಳುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಕೋಶ 65 ಡಿಗ್ರಿಗೆ ಕಾದರೆ 14 ವ್ಯಾಟ್ ಅಲ್ಲೇ ಆವಿ. ಮೇಲೆ ಕೇಳಿದ ‘ಎಪ್ಪತ್ತೇ ಏಕೆ’ ಎಂಬುದರ ದೊಡ್ಡ ಪಾಲು ಇದು. ಬಂಡೆಯ ಮೇಲೋ ಕಾರಿನ ಬಾನೆಟ್ಟಿನ ಮೇಲೋ ಅಂಟಿದಂತೆ ಹಾಸದೆ ಅಡಿಯಲ್ಲಿ ಗಾಳಿ ಆಡಲು ಸಂದು ಬಿಡಿ. ಪ್ಯಾನೆಲ್‌ನ ಬೆನ್ನ ಜೇಬಿನಲ್ಲಿ ಮೊಬೈಲನ್ನೋ ಪವರ್ ಬ್ಯಾಂಕನ್ನೋ ಇಟ್ಟು ಚಾರ್ಜ್ ಮಾಡಬೇಡಿ. ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ತುಂಬಿಸಬಾರದು. ವೈರು ಉದ್ದವಿರಲಿ, ಬ್ಯಾಟರಿ ನೆರಳಲ್ಲಿರಲಿ.

‘ಇಷ್ಟೆಲ್ಲ ತಲೆನೋವು ಏಕೆ, 100ರ ಬದಲು 200 ವ್ಯಾಟಿನದು ಕೊಂಡರಾಯಿತಲ್ಲ’ ಎನ್ನಬಹುದು. ಬಯಲಿನಲ್ಲಿ ಬಳಸುವವರಿಗೆ ಆ ವಾದ ಒಪ್ಪತಕ್ಕದ್ದೇ. ಮಿಕ್ಕವರಿಗೆ ಅದು ತಿರುಗುಬಾಣ: ವಿಸ್ತಾರ ದುಪ್ಪಟ್ಟಾದರೆ ನೆರಳಿಗೆ ಸಿಗುವ ಕೋಶಗಳೂ ಹೆಚ್ಚು, ಜೋತು ಬೀಳುವ ಬಟ್ಟೆಯೂ ಹೆಚ್ಚು, ಹೊರುವ ಭಾರವೂ ಹೆಚ್ಚು. ‘ನಮ್ಮಲ್ಲಿ ಎಂಪಿಪಿಟಿ ಇದೆ’ ಎಂಬುದು ಇನ್ನೊಂದು ಸಮರ್ಥನೆ. ಆ ಸರ್ಕಿಟ್ಟು ಇರುವ ಬೆಳಕಿನಲ್ಲಿ ಗರಿಷ್ಠ ವಿದ್ಯುತ್ತು ಸಿಗುವ ಬಿಂದುವನ್ನು ಹುಡುಕುತ್ತದೆ, ಇಲ್ಲದ ಬೆಳಕನ್ನು ತಂದುಕೊಡುವುದಿಲ್ಲ. ಮೋಡ ಕವಿದಾಗ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಆಗ ಓರೆ ಬಿಟ್ಟು ಸಪಾಟಾಗಿ ಹಾಸಿ. ದಟ್ಟ ಮೋಡದಲ್ಲಿ ಚೀಟಿಯ ಅಂಕಿಯ ಹತ್ತರಲ್ಲೊಂದು ಪಾಲು ಬಂದರೂ ಸಮಾಧಾನಪಡಿ. ‘ಬೆಳದಿಂಗಳಿಗೂ ಚಾರ್ಜ್ ಆಗುತ್ತದೆ’ ಎನ್ನುವವರಿಗೆ ಲೆಕ್ಕವೇ ಉತ್ತರ: ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಪಾಲು. ಒಂದು ಮೊಬೈಲಿನ 19 ವ್ಯಾಟ್-ಅವರ್ ಬ್ಯಾಟರಿ ತುಂಬಲು ನೂರು ವ್ಯಾಟಿನ ಪ್ಯಾನೆಲ್‌ಗೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಎಡೆಬಿಡದ ಹುಣ್ಣಿಮೆ ಬೇಕು.

ಕೊನೆಯ ಎಚ್ಚರಿಕೆ ಜೋಡಣೆಯದು. ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಕಟ್ಟಿದರೆ ವೋಲ್ಟೇಜು ಕೂಡುತ್ತದೆ, ಸಮಾಂತರದಲ್ಲಿ ಕರೆಂಟು ಕೂಡುತ್ತದೆ. ಬ್ಯಾಟರಿ ಪೆಟ್ಟಿಗೆಯ ಮೇಲೆ ಬರೆದಿರುವ ಗರಿಷ್ಠ ವೋಲ್ಟೇಜನ್ನು ಪ್ಯಾನೆಲ್‌ನ ‘ಓಪನ್ ಸರ್ಕಿಟ್’ (ಏನನ್ನೂ ಜೋಡಿಸದಿದ್ದಾಗಿನ) ವೋಲ್ಟೇಜಿನೊಂದಿಗೆ ಹೋಲಿಸಿ. ಚಳಿಯ ಮುಂಜಾವಿನಲ್ಲಿ ಅದು ಚೀಟಿಯಲ್ಲಿರುವುದಕ್ಕಿಂತಲೂ ಮೇಲೇರುತ್ತದೆ ಎಂಬುದು ನೆನಪಿರಲಿ. ಇನ್ನು, ಒಂದೇ ತಾರಸಿಯ ಮೇಲೆ ವರ್ಷವಿಡೀ ಇಡುವುದಾದರೆ ಮಡಚುವ ಪ್ಯಾನೆಲ್ ಬೇಡವೇ ಬೇಡ: ಗಾಜಿನ ಗಟ್ಟಿ ಪ್ಯಾನೆಲ್ ಅಗ್ಗ, ಇಪ್ಪತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಮಡಚುವುದು ಏನಿದ್ದರೂ ಜಾಗ ಬದಲಿಸುವವರಿಗೆ. ಅಂಥವರು ಆನ್‌ಲೈನಿನಲ್ಲಿ ತರಿಸಿದ್ದಾದರೆ ವಾಪಸು ಕಳಿಸುವ ಗಡುವು ಮುಗಿಯುವುದರೊಳಗೆ ಒಂದು ಬಿಸಿಲ ಮಧ್ಯಾಹ್ನ ಟೇಪು, ಟವೆಲು, ಪೆನ್ಸಿಲು ಹಿಡಿದು ಕೂರಿ. ಅಳತೆ ಸುಳ್ಳಾಗಿದ್ದರೆ, ಒಂದು ಮಡಿಕೆ ಮುಚ್ಚಿದ್ದಕ್ಕೇ ಓದು ಸೊನ್ನೆಗೆ ಬಿದ್ದರೆ, ಮುಲಾಜಿಲ್ಲದೆ ವಾಪಸು ಕಳಿಸಿ. ನೆಟ್ಟಗೆ ಹಾಸಿದ ನೂರು ವ್ಯಾಟಿನ ಪ್ಯಾನೆಲ್‌ನಿಂದ 70 ಬಂದರೆ, ಅದನ್ನು ಇಟ್ಟುಕೊಳ್ಳಿ.